ದಿನಕ್ಕೊಂದು ತಿದ್ದುಪಡಿ: ಮಲ್ಪೆಯ ಬೋಟ್ ಆಫೀಸಿನಲ್ಲಿ ಕಲಿತ ಪೈಥಾನ್

ಪ್ರೋಗ್ರಾಮಿಂಗ್ ಕಲಿಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ಈಗ ನಾನು ಈ ಒಂದು ಕತೆಯನ್ನೇ ಹೇಳುತ್ತೇನೆ. ಕತೆ ಮಲ್ಪೆಯದ್ದು. ನಮ್ಮ ಪಕ್ಕದ ಮನೆಯ ಅಕ್ಕ ಬಂದರಿನ ಹತ್ತಿರ ಒಂದು ಬೋಟ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತಾರೆ. ಬಿಕಾಂ ಓದಿದವರು, ನಲವತ್ತು ದಾಟಿದೆ. ನಾಲ್ಕು ಟ್ರಾಲ್ ಬೋಟುಗಳ ಪೂರ್ತಿ ಲೆಕ್ಕ ಅವರ ಕೈಯಲ್ಲಿದೆ. ನಾನು ಮಣಿಪಾಲದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವ, ಹನ್ನೆರಡು ವರ್ಷ ಆಯಿತು. ಹದಿನೇಳು ತಿಂಗಳಿಂದ ಅವರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವುದನ್ನು ಹತ್ತಿರದಿಂದ ನೋಡುತ್ತಿದ್ದೇನೆ. ನಾನೇ ಕಲಿಸಿದೆ ಎಂದು ಹೇಳಲು ಬಾಯಿ ಬರುವುದಿಲ್ಲ, ಯಾಕೆಂದರೆ ನನ್ನ ಸಲಹೆಗಳಲ್ಲಿ ಅರ್ಧದಷ್ಟು ತಪ್ಪಾಗಿದ್ದವು. ಅದನ್ನೂ ಬರೆಯುತ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿರುವುದು, ಹೆಸರು ಮಾತ್ರ ಬೇಡ ಎಂದಿದ್ದಾರೆ.

ಮೊದಲು ಅವರ ಕೆಲಸ ಎಂಥದ್ದು ಅಂತ ಗೊತ್ತಾಗಬೇಕು. ಬೋಟ್ ಹತ್ತು ಹನ್ನೆರಡು ದಿನ ಕಡಲಲ್ಲಿದ್ದು ಬರುತ್ತದೆ. ಮೀನು ಏಲಂ, ಅಂದರೆ ಹರಾಜು, ಆಗುತ್ತದೆ. ಬಂದ ಹಣದಲ್ಲಿ ಡೀಸೆಲ್, ಐಸ್, ರೇಶನ್, ಕಮಿಷನ್ ಎಲ್ಲ ಕಳೆಯಬೇಕು. ಉಳಿದದ್ದರಲ್ಲಿ ಮಾಲೀಕರಿಗೆ ಇಷ್ಟು, ಬೋಟಿನವರಿಗೆ ಇಷ್ಟು. ಬೋಟಿನವರ ಪಾಲಿನಲ್ಲಿ ಬೋಟ್ ನಡೆಸುವ ತಾಂಡೇಲರಿಗೆ ಸ್ವಲ್ಪ ಜಾಸ್ತಿ, ಉಳಿದವರಿಗೆ ಸಮ. ಮೊದಲೇ ತೆಗೆದುಕೊಂಡ ಮುಂಗಡ ಇದ್ದರೆ ಅದನ್ನೂ ಕಳೆಯಬೇಕು. ಲೆಕ್ಕ ಕಷ್ಟದ್ದೇನಲ್ಲ. ಆದರೆ ಒಂದೊಂದು ಬೋಟಿಗೆ ನಿಯಮ ಸ್ವಲ್ಪ ಸ್ವಲ್ಪ ಬೇರೆ, ಮತ್ತು ಬಟವಾಡೆಯ ದಿನ ಹತ್ತು ಜನ ಟೇಬಲ್ ಎದುರು ನಿಂತಿರುತ್ತಾರೆ. ಒಂದು ರೂಪಾಯಿ ಹೆಚ್ಚುಕಡಿಮೆ ಆದರೂ ಕೇಳುತ್ತಾರೆ. ಕೇಳಬೇಕಾದದ್ದೇ ಅಲ್ವಾ, ದುಡಿದವರು ಅವರು.

ಅಕ್ಕ ಈ ಮೊದಲು ಎರಡು ಸಲ ಪ್ರೋಗ್ರಾಮಿಂಗ್ ಕಲಿಯಲು ಹೊರಟು ಬಿಟ್ಟಿದ್ದರು. ಒಂದು ಸಲ ಡಿಸ್ಕೌಂಟಿನಲ್ಲಿ ಸಿಕ್ಕಿದ ದೊಡ್ಡ ವೀಡಿಯೊ ಕೋರ್ಸು, ಒಂಬತ್ತನೇ ದಿನಕ್ಕೆ ನಿಂತಿತು. ಇನ್ನೊಂದು ಸಲ ಭಾನುವಾರದ ಕ್ಲಾಸು. ಅಲ್ಲಿ ಲಿಸ್ಟ್, ಟ್ಯೂಪಲ್, ಸೆಟ್ ಎಲ್ಲ ಹೇಳಿಕೊಟ್ಟು ಕೊನೆಗೆ ವಿದ್ಯಾರ್ಥಿಗಳ ಅಂಕಪಟ್ಟಿಯ ಪ್ರೋಗ್ರಾಂ ಮಾಡಿಸಿದರಂತೆ. "ನನಗೆಂತಕ್ಕೆ ಅಂಕಪಟ್ಟಿ? ನನಗೆ ಬೇಕಾದ್ದು ಬಂಗುಡೆ ಲೆಕ್ಕ" ಎಂದರು. ಆ ಮಾತಿನಲ್ಲೇ ಉತ್ತರ ಇತ್ತು. ನನಗೆ ಅದು ತಲೆಗೆ ಹತ್ತಲು ಒಂದು ವರ್ಷ ಬೇಕಾಯಿತು.

ನಾವು ಮಾಡಿಕೊಂಡ ಒಪ್ಪಂದ ಸಣ್ಣದು. ಬೆಳಗ್ಗಿನ ಏಲಂ ಗದ್ದಲ ಮುಗಿದು ಊಟ ಆದ ಮೇಲೆ ಆಫೀಸು ಸ್ವಲ್ಪ ಹೊತ್ತು ತಣ್ಣಗಿರುತ್ತದೆ. ಆಗ ಇಪ್ಪತ್ತು ನಿಮಿಷ. ಒಂದೇ ಪ್ರೋಗ್ರಾಂ, ಪಾಲಿನ ಲೆಕ್ಕದ್ದು. ದಿನಕ್ಕೆ ಅದರಲ್ಲಿ ಒಂದೇ ಒಂದು ಬದಲಾವಣೆ. ಇಪ್ಪತ್ತು ನಿಮಿಷ ಮುಗಿಯುವಾಗ ಪ್ರೋಗ್ರಾಂ ಓಡುತ್ತಿರಬೇಕು, ಓಡದಿದ್ದರೆ ಇವತ್ತಿನ ಬದಲಾವಣೆ ಅಳಿಸಿ ನಿನ್ನೆಯದ್ದಕ್ಕೆ ವಾಪಸ್. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು: ಇವತ್ತು ಏನು ಬದಲಾಯಿಸಿದೆ, ಎಲ್ಲಿ ಸಿಕ್ಕಿಹಾಕಿಕೊಂಡೆ. ಮೂರನೇ ಸಾಲು ಅವರೇ ಸೇರಿಸಿದ್ದು: ನಾಳೆ ಮೊದಲು ಏನು ಮಾಡಬೇಕು. ಲೆಕ್ಕದ ಪುಸ್ತಕದಲ್ಲಿ ಪುಟದ ಕೊನೆಗೆ ಮೊತ್ತ ಬರೆದು ಮುಂದಿನ ಪುಟಕ್ಕೆ ಒಯ್ಯುತ್ತಾರಲ್ಲ, ಹಾಗೆ. ನನ್ನ ಯಾವ ಸಲಹೆಗಿಂತಲೂ ಈ ಮೂರನೇ ಸಾಲು ಹೆಚ್ಚು ಕೆಲಸ ಮಾಡಿತು. ಊಟ ಮಾಡಿ ಕೂತಾಗ ಎಲ್ಲಿಂದ ಶುರು ಮಾಡುವುದು ಎಂದು ಯೋಚಿಸುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ, ಅದು ಉಳಿಯಿತು.

128 ಬಾಕ್ಸ್ ಬಂಗುಡೆ

ಮೂರನೇ ದಿನ ಮಧ್ಯಾಹ್ನ ವಾಟ್ಸಾಪ್‌ನಲ್ಲಿ ಫೋಟೊ ಬಂತು. ಕೆಳಗೆ ಒಂದು ಸಾಲು: "ಎಂತ ಮಾರಾಯ ಇದು, ಇಷ್ಟು ಬಂಗುಡೆ ಬಂದಿದ್ದರೆ ನಾನು ಇಲ್ಲಿ ಕೂತಿರುತ್ತಿದ್ದೆನಾ?" ಮೊದಲು 12 ಬಾಕ್ಸ್, ಆಮೇಲೆ 8 ಬಾಕ್ಸ್ ಹಾಕಿದ್ದರು. ಕೂಡಿಸಿದರೆ 20 ಬರಬೇಕು. ಬಂದದ್ದು 128.

ಪೈಥಾನ್ ಗೊತ್ತಿದ್ದವರು ಈಗ ನಗುತ್ತಿರುತ್ತೀರಿ. ಇನ್‌ಪುಟ್ ಎಂದು ಕೇಳಿದರೆ ಪೈಥಾನ್ ನಾವು ಟೈಪ್ ಮಾಡಿದ್ದನ್ನು ಅಕ್ಷರವಾಗಿ ತೆಗೆದುಕೊಳ್ಳುತ್ತದೆ, ಸಂಖ್ಯೆಯಾಗಿ ಅಲ್ಲ. ಎರಡು ಅಕ್ಷರದ ತುಂಡುಗಳನ್ನು ಕೂಡಿಸಿದರೆ ಒಂದರ ಪಕ್ಕ ಒಂದು ಅಂಟಿಕೊಳ್ಳುತ್ತವೆ, 12ರ ಪಕ್ಕ 8. ಅದನ್ನು ಇಂಟ್ ಎಂಬುದರೊಳಗೆ ಹಾಕಿದರೆ ಸಂಖ್ಯೆ ಆಗುತ್ತದೆ. ಅದೇ ಆ ದಿನದ ಒಂದು ಬದಲಾವಣೆ. ಎರಡು ದಿನ ಬಿಟ್ಟು ಅರ್ಧ ಬಾಕ್ಸ್ ಬಂತು, 12.5 ಹಾಕಿದರು, ಪ್ರೋಗ್ರಾಂ ಬಿದ್ದೇಹೋಯಿತು. ಇಂಟ್‌ಗೆ ಪೂರ್ಣ ಸಂಖ್ಯೆ ಮಾತ್ರ ಗೊತ್ತು, 12.5 ಎಂಬ ಅಕ್ಷರ ಕೊಟ್ಟರೆ ಎರರ್ ಕೊಡುತ್ತದೆ. ಹೀಗೆ ದಶಾಂಶ ಸಂಖ್ಯೆಯನ್ನೂ ಹಿಡಿಯುವ ಫ್ಲೋಟ್ ಎಂಬ ಪದ ಅವರ ನೋಟ್‌ಬುಕ್ಕಿಗೆ ಬಂತು, ಯಾವ ಪಾಠದ ಎರಡನೇ ಅಧ್ಯಾಯದಿಂದಲೂ ಅಲ್ಲ, ಅರ್ಧ ಬಾಕ್ಸ್ ಮೀನಿನಿಂದ.

ಎರರ್ ಬಂದಾಗ ಪರದೆ ತುಂಬ ಕೆಂಪು ಅಕ್ಷರ ನೋಡಿ ಅವರಿಗೆ ಹೆದರಿಕೆ ಆಗುತ್ತಿತ್ತು. ಕೊನೆಯ ಸಾಲಿನಿಂದ ಓದಿ ಎಂದೆ. ಪೈಥಾನಿನಲ್ಲಿ ಏನು ತಪ್ಪಾಯಿತು ಎಂಬುದು ಕೊನೆಯ ಸಾಲಿನಲ್ಲಿರುತ್ತದೆ, ಎಲ್ಲಿ ಎಂಬುದು ಅದರ ಸ್ವಲ್ಪ ಮೇಲೆ. ನನ್ನ ಸಲಹೆಗಳಲ್ಲಿ ಸರಿಯಾದ ಅರ್ಧಕ್ಕೆ ಇದು ಸೇರುತ್ತದೆ.

ನನ್ನ ಕಡೆಯ ತಪ್ಪುಗಳು

ಶುರುವಿನಲ್ಲೇ ನಾನು ಎಲ್ಲರೂ ಕಳಿಸುವ ಆ ಲೆಕ್ಕ ಕಳಿಸಿದ್ದೆ. ದಿನಕ್ಕೆ ಶೇಕಡಾ 1 ಸುಧಾರಿಸಿದರೆ ವರ್ಷದ ಕೊನೆಗೆ 37 ಪಟ್ಟು, 1.01ನ್ನು 365 ಸಲ ಗುಣಿಸಿ ನೋಡಿ ಎಂದು. ಲೆಕ್ಕ ಸರಿ ಇದೆ, 37.78 ಬರುತ್ತದೆ. ಅಕ್ಕನ ಉತ್ತರ: "ದಿನಕ್ಕೆ ಒಂದು ಪರ್ಸೆಂಟ್ ಬಡ್ಡಿ ಕೊಡ್ತೇವೆ ಅಂತ ಹೇಳಿದವರೆಲ್ಲ ಕೊನೆಗೆ ಊರು ಬಿಟ್ಟವರೇ." ಲೆಕ್ಕದವರ ಹತ್ತಿರ ಚಕ್ರಬಡ್ಡಿಯ ಮಾತು ತೆಗೆಯಬಾರದು. ಈಗ ಯೋಚಿಸಿದರೆ ಅವರೇ ಸರಿ. ಕಲಿಕೆ ದಿನಾ ಒಂದೇ ದರದಲ್ಲಿ ಏರುವುದಿಲ್ಲ. ಅವರ ನೋಟ್‌ಬುಕ್ಕಿನಲ್ಲಿ ಮೂರು ವಾರ ಏನೂ ಆಗದೆ ಒಂದೇ ಮಧ್ಯಾಹ್ನ ಐದು ವಿಷಯ ತೆರೆದುಕೊಂಡ ಪುಟಗಳಿವೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಗೋಡೆಯ ಕ್ಯಾಲೆಂಡರಿನಲ್ಲಿ ಕಲಿತ ದಿನಕ್ಕೆಲ್ಲ ಒಂದು ಗುರುತು ಹಾಕಿ, ಸಾಲು ತಪ್ಪಬಾರದು ಎಂದಿದ್ದೆ. ತಿಂಗಳು ಕಳೆದ ಮೇಲೆ ನೋಟ್‌ಬುಕ್ ನೋಡಿದರೆ "ಪ್ರಿಂಟ್‌ನಲ್ಲಿ ಒಂದು ಚುಕ್ಕೆ ಸೇರಿಸಿದೆ", "ವೇರಿಯಬಲ್ ಹೆಸರು ಬದಲಾಯಿಸಿದೆ" ಅಂತಹ ಸಾಲುಗಳೇ ಜಾಸ್ತಿ. ಗುರುತಿಗಾಗಿ ಸುಮ್ನೆ ಏನೋ ಮಾಡಿದ್ದು. ನಲವತ್ತೊಂದನೇ ದಿನ ಮನೆಯಲ್ಲಿ ಮದುವೆಯ ಗಡಿಬಿಡಿ, ಸಾಲು ತಪ್ಪಿತು. ಒಂದು ದಿನ ತಪ್ಪಿದ್ದಕ್ಕೆ ಒಂಬತ್ತು ದಿನ ಲ್ಯಾಪ್‌ಟಾಪ್ ತೆರೆಯಲೇ ಇಲ್ಲ, "ಹೇಗೂ ಹೋಯ್ತಲ್ಲ" ಎಂದು. ಆ ಗುರುತು ಹಾಕುವ ಪದ್ಧತಿ ಅಂದೇ ನಿಲ್ಲಿಸಿದೆವು. ತಪ್ಪಿದ ದಿನ ತಪ್ಪಿತು, ಮತ್ತೆ ಕೂತಾಗ ಮೂರನೇ ಸಾಲು ಓದಿ ಶುರು ಮಾಡುವುದು, ಅಷ್ಟೇ.

ಐಸಿನ ರೇಟು, ಐವತ್ತು ಪೈಸೆ

ಡಿಸೆಂಬರ್ ಹೊತ್ತಿಗೆ ಪ್ರೋಗ್ರಾಂ ಒಂದು ಬೋಟಿಗೆ ಸರಿಯಾಗಿ ಓಡುತ್ತಿತ್ತು. ನಾಲ್ಕು ಬೋಟಿಗೆ ಬೇಕಲ್ಲ, ಅದೇ ನಲವತ್ತು ಸಾಲನ್ನು ಇನ್ನೂ ಮೂರು ಸಲ ಕೆಳಗೆ ಅಂಟಿಸಿದ್ದರು. ನಾನು ನೋಡಿದೆ, ಹೇಳಲಿಲ್ಲ. ಹೇಳದೇ ಇದ್ದದ್ದು ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು ಅಂತ ನನಗೆ ಅನಿಸುತ್ತದೆ. ಐಸಿನ ರೇಟು ಬದಲಾಯಿತು. ಮೂರು ಕಡೆ ತಿದ್ದಿದರು, ನಾಲ್ಕನೆಯದು ಮರೆತುಹೋಯಿತು. ಪುಣ್ಯಕ್ಕೆ ಅವರು ಇನ್ನೂ ಕೈಯಲ್ಲೂ ಲೆಕ್ಕ ಮಾಡುತ್ತಿದ್ದರು, ತಪ್ಪು ಬಟವಾಡೆಗೆ ಮೊದಲೇ ಸಿಕ್ಕಿತು. ಆ ಸಂಜೆ ಅವರೇ ಫೋನ್ ಮಾಡಿ ಕೇಳಿದರು, "ಒಂದೇ ಕಡೆ ಬರೆದು ನಾಲ್ಕು ಕಡೆ ಬಳಸಲಿಕ್ಕೆ ಆಗುದಿಲ್ವಾ?" ಆಗುತ್ತದೆ, ಅದರ ಹೆಸರೇ ಫಂಕ್ಷನ್. ಭಾನುವಾರದ ಕ್ಲಾಸಿನಲ್ಲಿ ಇದನ್ನೇ ಎರಡು ಗಂಟೆ ಹೇಳಿದ್ದರಂತೆ, ನೆನಪಿನಲ್ಲಿ ಉಳಿದಿರಲಿಲ್ಲ. ಈಗ ಹತ್ತು ನಿಮಿಷ ಸಾಕಾಯಿತು.

ಫೆಬ್ರವರಿಯದ್ದು ನನ್ನ ಅಹಂಕಾರ ಇಳಿಸಿದ ಪ್ರಸಂಗ. ಬಟವಾಡೆ ಪೂರ್ತಿ ರೂಪಾಯಿಯಲ್ಲಿ ನಡೆಯುತ್ತದೆ, 50 ಪೈಸೆ ಮತ್ತು ಮೇಲೆ ಇದ್ದರೆ ಮುಂದಿನ ರೂಪಾಯಿ. ಅದಕ್ಕೆ ರೌಂಡ್ ಬಳಸಿ ಎಂದು ನಾನೇ ಹೇಳಿದ್ದೆ. ಅಕ್ಕ ಬಂದು, "ನಿನ್ನ ಪೈಥಾನ್ ಪಕ್ಷಪಾತ ಮಾಡ್ತದೆ. ಒಬ್ಬನಿಗೆ 50 ಪೈಸೆ ಕೆಳಗೆ ಹಾಕ್ತದೆ, ಇನ್ನೊಬ್ಬನಿಗೆ ಮೇಲೆ ಹಾಕ್ತದೆ" ಎಂದರು. ಸಾಧ್ಯವೇ ಇಲ್ಲ, ನೀವು ಎಲ್ಲೋ ತಪ್ಪು ಹಾಕಿದ್ದೀರಿ ಎಂದೆ. ಅವರು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. 8412.5 ಕೊಟ್ಟರೆ 8412. 8413.5 ಕೊಟ್ಟರೆ 8414.

ಪೈಥಾನ್ 3ರಲ್ಲಿ ರೌಂಡ್ ಹಾಗೆಯೇ. ಸರಿಯಾಗಿ ಅರ್ಧದಲ್ಲಿ ನಿಂತ ಸಂಖ್ಯೆಯನ್ನು ಅದು ಹತ್ತಿರದ ಸಮಸಂಖ್ಯೆಗೆ ತಳ್ಳುತ್ತದೆ. ಯಾವಾಗಲೂ ಮೇಲಕ್ಕೇ ತಳ್ಳಿದರೆ ಸಾವಿರಾರು ಸಂಖ್ಯೆ ಕೂಡಿಸುವಾಗ ಮೊತ್ತ ಉಬ್ಬುತ್ತದೆ ಎಂಬುದು ಇದರ ಹಿಂದಿನ ಯೋಚನೆ. ನಾನು ಕಲಿತದ್ದು ಪೈಥಾನ್ 2ರ ಕಾಲದಲ್ಲಿ, ಅಲ್ಲಿ 2.5 ಕೊಟ್ಟರೆ 3 ಬರುತ್ತಿತ್ತು. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೆ ಬೆಂಬಲ ನಿಂತಿತು, ನನ್ನ ತಲೆಯಲ್ಲಿ ಮಾತ್ರ ಅದು ಇನ್ನೂ ಓಡುತ್ತಿತ್ತು. ಹನ್ನೆರಡು ವರ್ಷದಲ್ಲಿ ನನಗೆ ಇದು ಕಣ್ಣಿಗೆ ಬೀಳಲಿಲ್ಲ, ಒಂದು ರೂಪಾಯಿಗೂ ಉತ್ತರ ಕೊಡಬೇಕಾದವರಿಗೆ ನಾಲ್ಕು ತಿಂಗಳಲ್ಲಿ ಬಿತ್ತು.

ಸರಿ ಮಾಡಲು ನಾಲ್ಕು ಮಧ್ಯಾಹ್ನ ಹಿಡಿಯಿತು. ಡೆಸಿಮಲ್ ಎಂಬುದನ್ನು ತರಬೇಕಾಯಿತು, ಅದರಲ್ಲಿ ಅರ್ಧವನ್ನು ಯಾವ ಕಡೆ ತಳ್ಳಬೇಕು ಎಂದು ನಾವೇ ಹೇಳಬಹುದು. ಅದರ ಬಗ್ಗೆ ಓದುವಾಗ 0.1 ಮತ್ತು 0.2 ಕೂಡಿಸಿ ನೋಡಿದ್ದಾರೆ, 0.30000000000000004 ಬಂದಿದೆ. ಕಂಪ್ಯೂಟರ್ ದಶಾಂಶವನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ 0.1 ಅದಕ್ಕೆ ಪೂರ್ತಿಯಾಗಿ ಹಿಡಿಯುವುದಿಲ್ಲ ಎಂದು ವಿವರಿಸಿದೆ. "ನೂರನ್ನು ಮೂರು ಜನಕ್ಕೆ ಹಂಚಿದ ಹಾಗೆ" ಎಂದರು. ಅದೇ. 33, 33, 33, ಒಂದು ರೂಪಾಯಿ ಉಳಿಯಿತು. ಆ ಉಳಿದ ರೂಪಾಯಿ ಯಾರಿಗೆ ಎಂಬುದಕ್ಕೆ ಪೈಥಾನಿನಲ್ಲಿ ಉತ್ತರ ಇಲ್ಲ, ಆಫೀಸಿನಲ್ಲಿ ಇತ್ತು: ಚಹಾದ ಖಾತೆಗೆ.

ಇದಾದ ಮೇಲೆ ಅವರು ನನ್ನನ್ನು ಕೇಳದೆ ಒಂದು ಕೆಲಸ ಮಾಡಿದರು. ಕಪಾಟಿನಿಂದ ಹಳೆಯ ಲೆಕ್ಕದ ಪುಸ್ತಕ ತೆಗೆದು, ಹಿಂದೆ ಕೈಯಲ್ಲಿ ಮಾಡಿ ಬಟವಾಡೆಯೂ ಆಗಿ ತಕರಾರಿಲ್ಲದೆ ಮುಗಿದ ಐದು ಟ್ರಿಪ್‌ಗಳ ಅಂಕಿಗಳನ್ನು ಒಂದು ಫೈಲಿನಲ್ಲಿ ಹಾಕಿದರು. ಪ್ರೋಗ್ರಾಂ ಬದಲಾಯಿಸಿದಾಗಲೆಲ್ಲ ಆ ಐದು ಟ್ರಿಪ್ ಮತ್ತೆ ಓಡಿಸಿ, ಹಳೆಯ ಉತ್ತರವೇ ಬರುತ್ತದಾ ಅಂತ ನೋಡುವುದು. ಇದಕ್ಕೆ ನಮ್ಮಲ್ಲಿ ಟೆಸ್ಟ್ ಅನ್ನುತ್ತಾರೆ, ಬರೆಯಿರಿ ಬರೆಯಿರಿ ಎಂದು ನಮ್ಮ ಟೀಮಿನಲ್ಲಿ ಬೇಡಿಕೊಳ್ಳುತ್ತೇವೆ. ಕೋಡಿನ ಹಳೆಯ ಆವೃತ್ತಿಗಳನ್ನು ಉಳಿಸಿಡುವ ಗಿಟ್ ಮಾತ್ರ ನಾನು ಒತ್ತಾಯದಿಂದ ಹಾಕಿಸಿದ್ದು. ಪಾಲು-ಹೊಸದು, ಪಾಲು-ಹೊಸದು-2, ಪಾಲು-ಫೈನಲ್, ಪಾಲು-ಫೈನಲ್-ಸರಿ ಎಂದು ಹದಿನಾಲ್ಕು ಫೈಲುಗಳನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ಲಿಗಾಗಿ ಮಾಡಿಕೊಂಡ ದೊಡ್ಡ ಸಾಧನ ಅದು, ಅಕ್ಕನಿಗೆ ಅದರಲ್ಲಿ ಮೂರು ಕಮಾಂಡ್ ಗೊತ್ತು. ಸಾಕಾಗಿದೆ.

61 ದಿನ ರಜೆ

ಈ ಪ್ರಕರಣ ಬರೆಯಲು ಕೂತದ್ದೇ ಈ ಭಾಗಕ್ಕಾಗಿ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಕೆಟ್ಟಿರುತ್ತದೆ. ಬೋಟುಗಳೆಲ್ಲ ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ, ಆಫೀಸಿನಲ್ಲಿ ಅರ್ಧ ದಿನದ ಕೆಲಸವೂ ಇರುವುದಿಲ್ಲ. ನನಗೆ ಖುಷಿಯೋ ಖುಷಿ. ಇಪ್ಪತ್ತು ನಿಮಿಷದಲ್ಲಿ ಇಷ್ಟು ಆದರೆ ದಿನಕ್ಕೆ ಎರಡು ಗಂಟೆ ಕೂತರೆ ಎಷ್ಟಾಗಬಹುದು! ಕ್ಲಾಸ್, ಡೆಕೊರೇಟರ್ (ಎರಡೂ ಪೈಥಾನಿನ ಮುಂದಿನ ಹಂತದ ವಿಷಯಗಳು), ವೆಬ್, ಡೇಟಾಬೇಸ್ ಎಂದು ಎರಡು ತಿಂಗಳ ಪಟ್ಟಿ ಮಾಡಿಕೊಟ್ಟೆ. ಅವರೂ ಹುಮ್ಮಸ್ಸಿನಿಂದ ಕೂತರು. ಹೊರಗೆ ಮಳೆ, ಒಳಗೆ ವೀಡಿಯೊ ನೋಡಿ ಕೋಡ್ ಟೈಪ್ ಮಾಡುವುದು.

ಆಗಸ್ಟ್‌ನಲ್ಲಿ ಸಮುದ್ರ ಪೂಜೆ ಆಗಿ ಬೋಟುಗಳು ಹೊರಟು, ಮೊದಲ ಟ್ರಿಪ್‌ನ ಲೆಕ್ಕಕ್ಕೆ ಕೂತಾಗ ಅಕ್ಕ ತಮ್ಮದೇ ಪ್ರೋಗ್ರಾಂ ನೋಡಿ ಕಕ್ಕಾಬಿಕ್ಕಿ. ಅವರೇ ಬರೆದ ಒಂದು ಸಾಲು ಏನು ಮಾಡುತ್ತದೆ ಎಂದು ನೆನಪಾಗಲಿಲ್ಲ. ರಜೆಯಲ್ಲಿ ಕಲಿತದ್ದೂ ಅಷ್ಟೇ, ಡೆಕೊರೇಟರ್ ಎಂದರೆ ಹೆಸರು ಮಾತ್ರ ಗೊತ್ತು. ಹದಿನೇಳು ತಿಂಗಳಲ್ಲಿ ಅತಿ ಹೆಚ್ಚು ಗಂಟೆ ಕೂತದ್ದು ಆ ಎರಡು ತಿಂಗಳು, ಅತಿ ಕಡಿಮೆ ಉಳಿದದ್ದೂ ಅದೇ ಎರಡು ತಿಂಗಳದ್ದು.

ನಾವಿಬ್ಬರೂ ನೋಟ್‌ಬುಕ್ ಇಟ್ಟುಕೊಂಡು ಒಂದು ಸಂಜೆ ಕೂತೆವು. ಜೂನ್ ಜುಲೈ ಪುಟಗಳಲ್ಲಿ ಮೊದಲ ಸಾಲು ಉದ್ದ ಉದ್ದ ಇದೆ: ಇದು ಕಲಿತೆ, ಅದು ಕಲಿತೆ. ಎರಡನೇ ಸಾಲು, ಎಲ್ಲಿ ಸಿಕ್ಕಿಹಾಕಿಕೊಂಡೆ ಎಂಬುದು, ಹೆಚ್ಚು ಕಡಿಮೆ ಖಾಲಿ. ವೀಡಿಯೊದವರು ಟೈಪ್ ಮಾಡಿದ್ದನ್ನೇ ಟೈಪ್ ಮಾಡಿದರೆ ಸಿಕ್ಕಿಹಾಕಿಕೊಳ್ಳುವುದು ಎಲ್ಲಿ? ಬೋಟಿಲ್ಲ, ಅರ್ಧ ಬಾಕ್ಸ್ ಇಲ್ಲ, ಐಸಿನ ರೇಟಿಲ್ಲ, ಎದುರು ನಿಂತು ನನ್ನ ರೂಪಾಯಿ ಎಲ್ಲಿ ಎಂದು ಕೇಳುವವರಿಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಎಂದು ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಅಕ್ಕನ ಮಟ್ಟಿಗೆ ಡೆಕೊರೇಟರ್ ಕೂಡ ಅಂತಹ ಒಂದು ಅಕ್ಷರಗುಚ್ಛವೇ ಆಗಿತ್ತು. ಇಂಟ್ ಮತ್ತು ಫ್ಲೋಟ್ ಮಾತ್ರ ಮರೆತಿರಲಿಲ್ಲ, ರೌಂಡ್ ಅಂತೂ ಜನ್ಮದಲ್ಲಿ ಮರೆಯುವುದಿಲ್ಲ.

ಅಲ್ಲಿಯ ತನಕ ನಾನು ಇಪ್ಪತ್ತು ನಿಮಿಷವೇ ಮಂತ್ರ ಅಂದುಕೊಂಡಿದ್ದೆ. ಕೆಲಸ ಮಾಡಿದ್ದು ನಿಮಿಷಗಳಲ್ಲ. ನಿಜವಾಗಿ ಬಳಸುವ ಒಂದು ವಸ್ತುವಿನಲ್ಲಿ ಆ ದಿನ ಚುಚ್ಚಿದ ಮುಳ್ಳನ್ನು ಆ ದಿನವೇ ತೆಗೆದದ್ದು ಕೆಲಸ ಮಾಡಿತು. ಒಬ್ಬರನ್ನು ನೋಡಿ ಎಲ್ಲರಿಗೂ ಹೀಗೇ ಎಂದು ಹೇಳುವುದಿಲ್ಲ. ಪರೀಕ್ಷೆಗೆ ಓದುವ ಹುಡುಗರಿಗೆ, ಅಥವಾ ಬೇರೆ ಕೆಲಸಕ್ಕೆ ಹಾರಬೇಕು ಎನ್ನುವವರಿಗೆ, ಕ್ರಮವಾಗಿ ಕೂತು ಓದುವುದು ಬೇಕಾಗಬಹುದು. ಅಕ್ಕನಿಗೆ ಇಂದಿಗೂ ಕ್ಲಾಸ್ ಬರೆಯಲು ಬರುವುದಿಲ್ಲ, ಇಂಟರ್‌ವ್ಯೂಗೆ ಕೂರಿಸಿದರೆ ಮೊದಲ ಸುತ್ತಿನಲ್ಲೇ ಹೊರಗೆ.

ಎರಡು ಬೊಂಡಾಸ್

ಆದರೆ ನವೆಂಬರಿನಲ್ಲಿ ನಡೆದದ್ದನ್ನು ಕೇಳಿ. ಮೀನಿನ ಹೆಸರಿನ ಪ್ರಕಾರ ಮೊತ್ತ ತೆಗೆಯುವ ಭಾಗ ಸೇರಿಸಿದ್ದರು. ಪಟ್ಟಿಯಲ್ಲಿ ಬೊಂಡಾಸ್ ಎರಡು ಸಲ ಬಂತು, ಬೇರೆ ಬೇರೆ ಮೊತ್ತದೊಂದಿಗೆ. ಈ ಮೊದಲು ಬಂಗುಡೆ, ಬಂಗ್ಡೆ ಎಂದು ಎರಡು ಕಾಗುಣಿತದಿಂದ ಹೀಗಾಗಿತ್ತು, ಇದು ಹಾಗಲ್ಲ. ಎರಡೂ ಕಣ್ಣಿಗೆ ಒಂದೇ. ಹೆಸರಿನ ಕೊನೆಗೆ ಸ್ಪೇಸ್ ಇರಬಹುದೆಂದು ಅದನ್ನು ತೆಗೆಯುವ ಸ್ಟ್ರಿಪ್ ಹಾಕಿ ನೋಡಿದರು, ಬದಲಾಗಲಿಲ್ಲ. ನನ್ನನ್ನು ಕೇಳಿದರು. ಫಾಂಟ್ ತೊಂದರೆ ಇರಬಹುದು ಎಂದು ಬಾಯಿಗೆ ಬಂದದ್ದು ಹೇಳಿದೆ.

ಅವರು ನನ್ನ ಮಾತು ಬಿಟ್ಟು ಎರಡೂ ಹೆಸರಿನ ಉದ್ದ ಪ್ರಿಂಟ್ ಮಾಡಿದರು. ಒಂದು 7, ಇನ್ನೊಂದು 8. ಮಾರನೇ ದಿನ ಒಂದೊಂದೇ ಅಕ್ಷರದ ಸಂಖ್ಯೆ ಪ್ರಿಂಟ್ ಮಾಡಿದರು. ಒಂದು ಬೊಂಡಾಸ್‌ನಲ್ಲಿ ಬ ಆದ ಮೇಲೆ ಒತ್ವ ಒಂದೇ ಚಿಹ್ನೆ. ಇನ್ನೊಂದರಲ್ಲಿ ಎತ್ವ ಬೇರೆ, ಕೊಂಬಿನ ದೀರ್ಘ ಬೇರೆ, ಎರಡು ಚಿಹ್ನೆ. ಕೂಡಿದರೆ ಪರದೆಯ ಮೇಲೆ ಅದೇ ಬೊ. ಪ್ರತಿ ಅಕ್ಷರಚಿಹ್ನೆಗೆ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ ಎರಡನ್ನೂ ಸಮ ಎಂದೇ ಒಪ್ಪುತ್ತದೆ, ಆದರೆ ಪೈಥಾನ್ ಹೋಲಿಸುವಾಗ ಚಿಹ್ನೆ ಚಿಹ್ನೆ ಹೋಲಿಸಿ ಬೇರೆ ಅನ್ನುತ್ತದೆ. ಮೀನಿನ ಹಳೆಯ ಪಟ್ಟಿಯೊಂದು ಯಾವುದೋ ಕನ್ವರ್ಟರ್ ಮೂಲಕ ಬಂದಿತ್ತು, ಅಲ್ಲಿಂದ ಹೊಕ್ಕದ್ದಿರಬೇಕು. ಪರಿಹಾರ ಒಂದು ಸಾಲು: ಹೋಲಿಸುವ ಮೊದಲು ಹೆಸರುಗಳನ್ನು ನಾರ್ಮಲೈಸ್ ಮಾಡಿ, ಅಂದರೆ ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತರುವುದು. ಆ ಒಂದು ಸಾಲಿಗೆ ಆರು ಮಧ್ಯಾಹ್ನ. ಕನ್ನಡದ ಡೇಟಾ ಮುಟ್ಟುವ ಎಷ್ಟೋ ಜನ ಪ್ರೋಗ್ರಾಮರುಗಳು ಇದನ್ನು ಬಗೆಹರಿಸದೆ ಕೈಯಲ್ಲಿ ತಿದ್ದಿ ಮುಂದೆ ಹೋಗುತ್ತಾರೆ. ಹಾಗೆ ಹೋದವರಲ್ಲಿ ನಾನೂ ಒಬ್ಬ.

ಆ ಆರು ದಿನಗಳ ಎರಡನೇ ಸಾಲು ಓದಲು ಚಂದ. ಪ್ರತಿ ದಿನ ಒಂದೊಂದು ಸಾಧ್ಯತೆ ಹೊಡೆದುಹಾಕಿದ್ದಾರೆ: ಸ್ಪೇಸ್ ಅಲ್ಲ. ಫಾಂಟ್ ಅಲ್ಲ. ಉದ್ದ ಬೇರೆ ಉಂಟು. ಮೊದಲ ಅಕ್ಷರ ಸರಿ ಉಂಟು. ಎರಡನೆಯದು ತಪ್ಪು. ಲೆಕ್ಕ ತಾಳೆಯಾಗದಾಗ ಪುಟ ಪುಟ ಟಿಕ್ ಹಾಕುತ್ತಾ ಹೋಗುವವರ ಕೈಬರಹ ಅದು.

ಈಗ ಮಾರ್ಚ್. ಪ್ರೋಗ್ರಾಂ 300 ಸಾಲು ದಾಟಿಲ್ಲ. ನಾಲ್ಕು ಬೋಟಿನ ಬಟವಾಡೆ ಚೀಟಿ ಅದರಲ್ಲೇ ಬರುತ್ತದೆ, ಕೈಲೆಕ್ಕವನ್ನು ಅವರು ಜನವರಿಯಲ್ಲಿ ನಿಲ್ಲಿಸಿದರು. ಹಳೆಯ ಟ್ರಿಪ್‌ಗಳ ಟೆಸ್ಟ್ ಐದರಿಂದ ಹತ್ತೊಂಬತ್ತಕ್ಕೆ ಏರಿದೆ, ತಕರಾರಾದ ಟ್ರಿಪ್ ಎಲ್ಲ ಅಲ್ಲಿಗೆ ಸೇರುತ್ತದೆ. ಬರುವ ಜೂನಿಗೆ ಹೊಸದೇನೂ ಕಲಿಯುವುದಿಲ್ಲವಂತೆ. ಇದ್ದ ಕೋಡನ್ನೇ ದಿನಕ್ಕೊಂದು ಫಂಕ್ಷನ್‌ನಂತೆ ಓದಿ, ಅರ್ಥವಾಗದ ಹೆಸರುಗಳನ್ನು ಬದಲಾಯಿಸುತ್ತಾರಂತೆ. ಬಲೆ ನೇಯುವವರೂ ಅದನ್ನೇ ಮಾಡುವುದಲ್ವಾ ಆ ಎರಡು ತಿಂಗಳು, ಹರಿದದ್ದು ಹೊಲಿಯುವುದು.

ಮೊನ್ನೆ ಶನಿವಾರ ನೋಟ್‌ಬುಕ್ಕಿನ ಫೋಟೊ ಕಳಿಸಿದ್ದರು. ಮೂರನೇ ಸಾಲಿನಲ್ಲಿ ಇಷ್ಟಿತ್ತು: "ಮುಂಗಡ ಪಾಲಿಗಿಂತ ಜಾಸ್ತಿ ಆದ್ರೆ ಮೈನಸ್ ಬರ್ತದೆ. ಮುಂದಿನ ಟ್ರಿಪ್‌ಗೆ ಒಯ್ಯಬೇಕು. ಎಲ್ಲಿ ಇಡುದು?" ನನಗೆ ಉತ್ತರ ಗೊತ್ತಿತ್ತು, ಅಥವಾ ಗೊತ್ತಿದೆ ಅನಿಸಿತು. ಟೈಪ್ ಮಾಡಿ ಅಳಿಸಿದೆ. ಸೋಮವಾರ ಮಧ್ಯಾಹ್ನದ ತನಕ ಕಾಯುತ್ತೇನೆ.